ಬೈಕ್ ಎಂಜಿನ್‌ನಲ್ಲಿ ಸದ್ದು: ಬಿಚ್ಚುವ ಮೊದಲು ಕೇಳಿಸಿಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ಸದ್ದಿನ ಬಗ್ಗೆಯೇ ಇವೆ. "ಸೌಂಡ್ ಬರ್ತಿದೆ, ಏನು ಮಾಡ್ಲಿ?" ಎಂದಷ್ಟೇ ಬರೆದವರಿಗೆ ಉತ್ತರ ಹೇಳುವುದು ಕಷ್ಟ. ಸದ್ದು ಎಷ್ಟು ಜೋರು ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಲ್ಲೋ, ಓಡುವಾಗಲೋ? ಆಕ್ಸಿಲರೇಟರ್ ಕೊಟ್ಟಾಗಲೋ, ಬಿಟ್ಟಾಗಲೋ? ಕ್ಲಚ್ ಹಿಡಿದರೆ ಬದಲಾಗುತ್ತದೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆ. ಇದನ್ನು ಬರೆದು ಕಳಿಸಿದವರ ಪತ್ರಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು ಹಳೆಯ ಸ್ಪ್ಲೆಂಡರ್, 62 ಸಾವಿರ ಕಿ.ಮೀ. ಓಡಿದೆ. ಒಂದು ತಿಂಗಳಿಂದ ಹೆಡ್ (ಸಿಲಿಂಡರ್‌ನ ಮೇಲ್ಭಾಗ) ಹತ್ತಿರ ಟಿಕ್ ಟಿಕ್ ಸದ್ದು. ಐಡ್ಲಿಂಗ್‌ನಲ್ಲಿ ಚೆನ್ನಾಗಿ ಕೇಳುತ್ತದೆ, ರೇಸ್ ಮಾಡಿದರೆ ಅದೂ ಜೋರಾಗುತ್ತದೆ. ಹೆಡ್ ಬಿಚ್ಚಿ ವಾಲ್ವ್ ತೆರೆಯುವ ಕ್ಯಾಮ್, ರಾಕರ್ ಎಲ್ಲಾ ಹೊಸದು ಹಾಕಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಬಿಚ್ಚಿಸಲೇ? (ತಿಪಟೂರು)

ಉತ್ತರ: ಈಗಲೇ ಬೇಡ. ಮೊದಲು ಆಯಿಲ್ ನೋಡಿ. ಸಮತಟ್ಟು ಜಾಗದಲ್ಲಿ ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎರಡು ಮೂರು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ. ಇನ್ನೆರಡು ಮೂರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ, ತಿರುಗಿಸಿ ಬಿಗಿ ಮಾಡದೆ ಸುಮ್ಮನೆ ಒಳಗೆ ಇಳಿಸಿ ತೆಗೆದು ನೋಡಿ. ಆಯಿಲ್ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. ಈ ಎಂಜಿನ್ ಹಿಡಿಯುವುದೇ ಸುಮಾರು ಒಂದು ಲೀಟರ್. ಅದರಲ್ಲಿ 300 ಎಂಎಲ್ ಕಡಿಮೆಯಾದರೆ ಮೂರನೇ ಒಂದು ಭಾಗ ಹೋದಂತೆ. ಪಂಪಿನಿಂದ ಅತಿ ದೂರ ಇರುವುದು ಹೆಡ್, ಹಾಗಾಗಿ ಆಯಿಲ್ ಕೊರತೆಯ ಪೆಟ್ಟು ಮೊದಲು ಬೀಳುವುದು ಕ್ಯಾಮ್ ಮತ್ತು ರಾಕರ್ ಮೇಲೆ.

ಆಯಿಲ್ ಸರಿ ಇದ್ದರೆ ಮುಂದಿನದು ಟ್ಯಾಪೆಟ್, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಗ್ಯಾಪ್. ಕ್ಯಾಮ್ ಶಾಫ್ಟ್ ತಿರುಗುವುದು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ಅರ್ಧ ವೇಗದಲ್ಲಿ. ಐಡ್ಲಿಂಗ್ 1400 ಆರ್‌ಪಿಎಂ ಇದ್ದರೆ ಒಂದೊಂದು ವಾಲ್ವ್ ತೆರೆಯುವುದು ನಿಮಿಷಕ್ಕೆ 700 ಸಲ. ಅದಕ್ಕೇ ಟ್ಯಾಪೆಟ್ ಸದ್ದು ಕ್ರ್ಯಾಂಕ್ ಸುತ್ತಿಗಿಂತ ನಿಧಾನವಾಗಿ, ಒಂದೊಂದೇ ಬಿಡಿಬಿಡಿಯಾಗಿ ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಟ್ಯಾಪೆಟ್ ಕ್ಯಾಪ್ ಮೇಲೆ ಊರಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು ಕೇಳಿ. ಆಮೇಲೆ ಸಿಲಿಂಡರ್ ಮೇಲೆ, ಎಡಗಡೆ ಮ್ಯಾಗ್ನೆಟ್ ಕವರ್ ಮೇಲೆ, ಬಲಗಡೆ ಕ್ಲಚ್ ಕವರ್ ಮೇಲೆ ಇಟ್ಟು ಹೋಲಿಸಿ. ಎಲ್ಲಿ ಸದ್ದು ಚುರುಕಾಗಿದೆಯೋ ಅಲ್ಲೇ ಮೂಲ ಇರುತ್ತದೆ. ಟವಲ್, ದುಪಟ್ಟಾ, ಬಿಟ್ಟ ಕೂದಲು ಚೈನ್ ಮತ್ತು ಚಕ್ರದ ಹತ್ತಿರ ಬಾರದಂತೆ ನೋಡಿಕೊಳ್ಳಿ.

ಟ್ಯಾಪೆಟ್ ಸೆಟ್ ಮಾಡುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ಅಂದರೆ ರಾತ್ರಿಯಿಡೀ ನಿಂತ ಗಾಡಿ. ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ಅರ್ಧ ಗಂಟೆಯಲ್ಲಿ ಸೆಟ್ ಮಾಡಿಸಿಕೊಂಡು ಬಂದರೆ ಗ್ಯಾಪ್ ತಪ್ಪುತ್ತದೆ. ಬಹುತೇಕ ಕಡೆ ಕೆಲಸ ಕೆಡುವುದೇ ಇಲ್ಲಿ. ಸ್ಪಾರ್ಕ್ ಪ್ಲಗ್ ತೆಗೆಯಿರಿ, ಎಂಜಿನ್ ಹಗುರಾಗಿ ತಿರುಗುತ್ತದೆ. ಎಡಗಡೆ ಮ್ಯಾಗ್ನೆಟ್ ಕವರ್‌ನ ಎರಡು ಕ್ಯಾಪ್ ತೆಗೆದು, ನಡುವಿನ ನಟ್‌ಗೆ ಸ್ಪಾನರ್ ಹಾಕಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ. ಮೇಲಿನ ಕಿಂಡಿಯಲ್ಲಿ 'ಟಿ' ಗುರುತು ಕವರ್‌ನ ಗೆರೆಗೆ ಸರಿಯಾಗಿ ಕೂರಬೇಕು. ಪಕ್ಕದಲ್ಲೇ 'ಎಫ್' ಗುರುತೂ ಇರುತ್ತದೆ. ಅದು ಬೆಂಕಿ ಹೊಡೆಯುವ ಜಾಗ, ಅದಕ್ಕೆ ನಿಲ್ಲಿಸಬೇಡಿ. ಈಗ ಎರಡೂ ರಾಕರ್ ಬೆರಳಿಗೆ ಸ್ವಲ್ಪ ಅಲುಗಾಡಬೇಕು. ಯಾವುದಾದರೂ ಒಂದು ಬಿಗಿ ಇದ್ದರೆ ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್ ಅಲ್ಲ ಎಂದರ್ಥ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಹಳೆಯ 97 ಸಿಸಿ ಎಂಜಿನ್‌ಗೆ ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.05 ಮಿ.ಮೀ. ಗ್ಯಾಪ್. ಪಲ್ಸರ್ 150ಕ್ಕೆ ಇನ್‌ಲೆಟ್ 0.05, ಎಕ್ಸಾಸ್ಟ್ 0.10. ಹೊಸ ಮಾಡೆಲ್‌ಗಳಲ್ಲಿ ಬೇರೆ ಇರಬಹುದು, ಗಾಡಿಯ ಜೊತೆ ಬಂದ ಪುಸ್ತಕ ನೋಡಿಕೊಳ್ಳಿ. ಗ್ಯಾಪ್ ಅಳೆಯುವ ಫೀಲರ್ ಗೇಜ್‌ನ ತೆಳು ಎಲೆಯನ್ನು ಒಳಗೆ ಸರಿಸಿದಾಗ ಸ್ವಲ್ಪ ಹಿಡಿದು ಹಿಡಿದು ಬರಬೇಕು. ಅಡ್ಜಸ್ಟರ್ ಅಲುಗದಂತೆ ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಗ್ಯಾಪ್ ಬದಲಾಗುವುದು ಮಾಮೂಲು, ಹಾಗಾಗಿ ಬಿಗಿಯಾದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ ನೋಡಲೇಬೇಕು. ಕ್ಯಾಪ್‌ನ ಓ-ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಮಾರನೇ ದಿನವೇ ಆಯಿಲ್ ಜಿನುಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಸದ್ದೇ ಬರಬಾರದು ಅಂತ ಟ್ಯಾಪೆಟ್ ಟೈಟ್ ಮಾಡಿಸಿಕೊಳ್ಳಬೇಡಿ. ಬಿಸಿಯಾದಾಗ ವಾಲ್ವ್ ಉದ್ದ ಬೆಳೆಯುತ್ತದೆ. ಗ್ಯಾಪ್ ಇಲ್ಲದಿದ್ದರೆ ಅದು ಸೀಟ್ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವ್‌ನ ಬಿಸಿ ಹೆಡ್‌ಗೆ ಇಳಿದು ಹೋಗುವ ದಾರಿಯೇ ಆ ಸೀಟ್. ಅದು ತಪ್ಪಿದರೆ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತದೆ. ಸಣ್ಣ ಟಿಕ್ ಟಿಕ್ ಇರುವ ಎಂಜಿನ್ ಆರೋಗ್ಯವಾಗಿಯೇ ಇದೆ. ಸದ್ದೇ ಇಲ್ಲದೆ ಬೆಳಿಗ್ಗೆ ಹತ್ತು ಕಿಕ್ ಕೇಳುವ ಎಂಜಿನ್‌ನ ಬಗ್ಗೆ ಚಿಂತೆ ಮಾಡಿ.

ಗೇಜ್ ಸರಿ ತೋರಿಸಿಯೂ ಸದ್ದು ಹೋಗಲಿಲ್ಲ ಅಂದರೆ ಅಡ್ಜಸ್ಟರ್ ಸ್ಕ್ರೂ ತುದಿ ನೋಡಿ. ವರ್ಷಗಟ್ಟಲೆ ಬಡಿದು ಅದು ಅಥವಾ ವಾಲ್ವ್ ಸ್ಟೆಮ್ ತುದಿ ಗುಳಿ ಬಿದ್ದಿರುತ್ತದೆ. ಗೇಜ್‌ನ ಚಪ್ಪಟೆ ಎಲೆ ಆ ಗುಳಿಯ ಮೇಲೆ ಹಾದುಹೋಗುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚಿರುತ್ತದೆ. ಸ್ಕ್ರೂ ಬದಲಿಸಿದರೆ ಸಾಕು. ಸೈಲೆನ್ಸರ್ ಬೆಂಡ್ ಹೆಡ್‌ಗೆ ಸೇರುವ ಕಡೆ ಪ್ಯಾಕಿಂಗ್ ಹೋಗಿದ್ದರೂ ಹೆಚ್ಚುಕಡಿಮೆ ಇದೇ ಸದ್ದು ಬರುತ್ತದೆ. ಆ ಜಾಗದಲ್ಲಿ ಕಪ್ಪು ಮಸಿ ಅಂಟಿದ್ದರೆ ಗ್ಯಾಸ್ ಅಲ್ಲಿಂದ ಹೊರಗೆ ಬರುತ್ತಿದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಇವೆಲ್ಲ ಮುಗಿದ ಮೇಲೂ ಸದ್ದು ಉಳಿದರೆ ಮಾತ್ರ ಕ್ಯಾಮ್, ರಾಕರ್ ವಿಷಯಕ್ಕೆ ಹೋಗಿ. ಬಿಚ್ಚಿದ ಮೇಲೆ ಕ್ಯಾಮ್ ಮೇಲ್ಮೈಯಲ್ಲಿ ಚುಕ್ಕೆ ಚುಕ್ಕೆ ಕಿತ್ತುಹೋಗಿದ್ದರೆ ರಾಕರ್ ಜೊತೆ ಜೋಡಿಯಾಗಿಯೇ ಬದಲಿಸಬೇಕು. ಒಂದನ್ನೇ ಹೊಸದು ಹಾಕಿದರೆ ಹಳೆಯದು ಹೊಸದನ್ನೂ ತಿನ್ನುತ್ತದೆ.

ಪ್ರಶ್ನೆ: ಪಲ್ಸರ್ 150. ಟ್ಯಾಪೆಟ್ ಸೆಟ್ ಆಗಿದೆ. ಆದರೂ ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರ್ ಕಡೆಯಿಂದ ಜರ ಜರ ಅಂತ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಸ್ವಲ್ಪ ಹೊತ್ತು ಇರುತ್ತದೆ. (ಹಾಸನ)

ಉತ್ತರ: ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಸಡಿಲವಾದ ಲಕ್ಷಣ ಇದು. ಆಕ್ಸಿಲರೇಟರ್ ಬಿಟ್ಟಾಗ ಚೈನ್ ಮೇಲಿನ ಎಳೆತ ಒಮ್ಮೆಗೇ ಬದಲಾಗಿ, ಸಡಿಲ ಇರುವ ಭಾಗ ಗೈಡ್‌ಗೆ ಅಥವಾ ಸಿಲಿಂಡರ್ ಒಳಗೋಡೆಗೆ ಬಡಿಯುತ್ತದೆ. ಟ್ಯಾಪೆಟ್‌ನಂತೆ ಬಿಡಿಬಿಡಿ ಸದ್ದಲ್ಲ, ಒಂದೇ ಸಮನೆ ಎಳೆದಂತೆ ಬರುತ್ತದೆ.

ಚೈನ್ ಬದಲಿಸುವ ಮೊದಲು ಅದನ್ನು ಬಿಗಿಯಾಗಿಡುವ ಟೆನ್ಷನರ್ ನೋಡಿಸಿ. ಅದು ಸಿಲಿಂಡರ್ ಹಿಂಬದಿಯಲ್ಲಿ ಎರಡು ಬೋಲ್ಟ್‌ಗಳಲ್ಲಿ ಕೂತಿರುತ್ತದೆ. ಒಳಗಿನ ಸ್ಪ್ರಿಂಗ್ ಸೋತರೆ ಅಥವಾ ದಂಡ ಸಿಕ್ಕಿಕೊಂಡರೆ ಚೈನನ್ನು ಒತ್ತುವುದು ನಿಂತುಹೋಗುತ್ತದೆ. ಬಿಚ್ಚುವ ಮುನ್ನ ಪಿಸ್ಟನ್ನನ್ನು ಕಂಪ್ರೆಷನ್ 'ಟಿ' ಗುರುತಿಗೆ ತಂದು ನಿಲ್ಲಿಸಬೇಕು. ಟೆನ್ಷನರ್ ಹೊರಗಿದ್ದಾಗ ಯಾವ ಕಾರಣಕ್ಕೂ ಎಂಜಿನ್ ತಿರುಗಿಸಬಾರದು. ಚೈನ್ ಒಂದೇ ಒಂದು ಹಲ್ಲು ಹಾರಿದರೂ ಟೈಮಿಂಗ್ ತಪ್ಪುತ್ತದೆ, ಇನ್ನೂ ಹೆಚ್ಚು ಹಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತದೆ. ಮತ್ತೆ ಕೂರಿಸುವಾಗ ದಂಡವನ್ನು ಪೂರ್ತಿ ಒಳಗೆ ಸರಿಸಿ ಲಾಕ್ ಮಾಡಿ, ಬೋಲ್ಟ್ ಬಿಗಿಯಾದ ಮೇಲೆ ಲಾಕ್ ಬಿಡಬೇಕು. ದಂಡವನ್ನು ಹೊರಗೆ ಚಾಚಿದ ಸ್ಥಿತಿಯಲ್ಲೇ ಬೋಲ್ಟ್‌ನಿಂದ ಎಳೆದು ಕೂರಿಸಿದರೆ ಚೈನ್ ಅತಿಯಾಗಿ ಬಿಗಿಯಾಗಿ ಗುಂಯ್ ಅನ್ನುತ್ತದೆ, ಗೈಡ್ ರಬ್ಬರ್ ಬೇಗ ಸವೆಯುತ್ತದೆ.

ಹೊಸ ಟೆನ್ಷನರ್ ದಂಡ ತನ್ನ ಪೂರ್ತಿ ಉದ್ದಕ್ಕೆ ಹೊರಬಂದರೂ ಸದ್ದು ಹೋಗದಿದ್ದರೆ ಚೈನ್ ಹಿಗ್ಗಿದೆ. ಆಗ ಚೈನ್, ಎರಡು ಗೈಡ್, ಕ್ಯಾಮ್ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಹಳೆಯ ಸ್ಪ್ಲೆಂಡರ್‌ನವರಿಗೂ ಇಲ್ಲೇ ಹೇಳಿಬಿಡುತ್ತೇವೆ: ಅದರಲ್ಲಿ ಟೆನ್ಷನರ್ ಎಂಜಿನ್ ಅಡಿಯಲ್ಲಿದೆ, ಸ್ಪ್ರಿಂಗ್ ಮೇಲೆ ಕೂತ ಪುಶ್ ರಾಡ್, ಅದರ ತುದಿಗೆ ರಬ್ಬರ್. ಸದ್ದು ಬಂದಾಗ ಬಹಳ ಸಲ ಆ ರಬ್ಬರ್ ಮತ್ತು ರೋಲರ್ ಸವೆದಿರುತ್ತವೆ, ಚೈನ್ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಮೆಕ್ಯಾನಿಕ್ ದಪ್ಪ ಆಯಿಲ್ ಹಾಕಿದರೆ ಸದ್ದು ನಿಲ್ಲುತ್ತದೆ ಅಂತಾರೆ. ಹಾಕಬಹುದೇ? (ರಾಯಚೂರು)

ಉತ್ತರ: ಸದ್ದು ಸ್ವಲ್ಪ ಅಡಗಬಹುದು, ಸವೆತ ಅಲ್ಲೇ ಇರುತ್ತದೆ. 10ಡಬ್ಲ್ಯು30 ಎಂದು ಹೇಳಿದ ಎಂಜಿನ್‌ಗೆ 20ಡಬ್ಲ್ಯು50 ಹಾಕಿದರೆ ಬೆಳಿಗ್ಗೆ ತಣ್ಣಗಿದ್ದಾಗ ಹೆಡ್‌ಗೆ ಆಯಿಲ್ ಏರುವುದು ತಡವಾಗುತ್ತದೆ. ಗಾಡಿಗೆ ಹೇಳಿದ ಗ್ರೇಡ್ ಹಾಕಿ, ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದು ಇರಲೇಬೇಕು. ಕಾರಿನ ಆಯಿಲ್ ಬೇಡ. ಬೈಕಿನ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಜಾರಲು ಶುರುವಾಗುತ್ತದೆ.

ಪ್ರಶ್ನೆ: ಹೆಂಡತಿ ಮಗುವಿನ ಜೊತೆ ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್‌ನಿಂದ ಟಿಣಿ ಟಿಣಿ ಅಂತ, ಸ್ಟೀಲ್ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಬಯಲಿನಲ್ಲಿ ಬರುವುದಿಲ್ಲ. ಕಾರ್ಬ್ಯುರೇಟರ್ ಇರುವ 125 ಸಿಸಿ ಗಾಡಿ. (ಉಜಿರೆ)

ಉತ್ತರ: ಇದು ಭಾಗ ಸಡಿಲವಾದ ಸದ್ದಲ್ಲ, ನಾಕಿಂಗ್. ಪ್ಲಗ್ ಹೊತ್ತಿಸಿದ ಬೆಂಕಿ ಪೂರ್ತಿ ಹರಡುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಗಾಳಿ ಒತ್ತಡಕ್ಕೂ ಬಿಸಿಗೂ ತಾನಾಗಿ ಸಿಡಿಯುತ್ತದೆ. ಆ ಪೆಟ್ಟು ಬೀಳುವುದು ಪಿಸ್ಟನ್ ತಲೆಯ ಮೇಲೆ. ದಿನಾ ಹೀಗೆ ಓಡಿಸಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ತೋಡಿನ ಅಂಚು ಒಡೆಯುತ್ತದೆ, ಪಿಸ್ಟನ್ ಮೇಲ್ಭಾಗ ಕರಗಿ ತೂತೂ ಬೀಳಬಹುದು.

ಮೊದಲ ಕಾರಣ ಓಡಿಸುವ ರೀತಿ. ತಿರುವಿನಲ್ಲಿ ವೇಗ ಬಿದ್ದಾಗಲೂ ನಾಲ್ಕನೇ ಗೇರ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುವಿದರೆ ಎಂಜಿನ್ ನಿಧಾನಕ್ಕೆ ತಿರುಗುತ್ತಾ ಪೂರ್ತಿ ಭಾರ ಹೊರುತ್ತದೆ, ನಾಕಿಂಗ್‌ಗೆ ಅದಕ್ಕಿಂತ ಬೇರೆ ಬೇಕಿಲ್ಲ. ಹೇರ್‌ಪಿನ್ ತಿರುವಿಗೆ ಮೊದಲೇ ಎರಡಕ್ಕೆ ಇಳಿಸಿ, ಎಂಜಿನ್ ಹಗುರಾಗಿ ತಿರುಗಲಿ. ಸದ್ದು ಕೇಳಿದ ಕೂಡಲೇ ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ಗೇರ್ ಇಳಿಸಿ.

ಸರಿಯಾದ ಗೇರ್‌ನಲ್ಲೂ ಬಂದರೆ ಪ್ಲಗ್ ತೆಗೆದು ನೋಡಿ. ಮೂತಿ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಜೆಟ್ ಕಟ್ಟಿಕೊಂಡಿರಬಹುದು. ಇಲ್ಲವೇ ಕಾರ್ಬ್ಯುರೇಟರ್‌ಗೂ ಹೆಡ್‌ಗೂ ನಡುವಿನ ರಬ್ಬರ್ ಸೀಳಿ ಅಲ್ಲಿಂದ ಗಾಳಿ ನುಗ್ಗುತ್ತಿರಬಹುದು. ಐಡ್ಲಿಂಗ್‌ನಲ್ಲಿ ಆ ಜಾಗಕ್ಕೆ ನೀರು ಸಿಂಪಡಿಸಿದಾಗ ಎಂಜಿನ್ ಲಯ ಬದಲಾದರೆ ಅಲ್ಲೇ ಸೀಳಿದೆ. ಪೆಟ್ರೋಲ್ ಸಿಂಪಡಿಸಿ ನೋಡುವವರಿದ್ದಾರೆ, ಬಿಸಿ ಎಂಜಿನ್ ಹತ್ತಿರ ಖಂಡಿತ ಬೇಡ. ಮಳೆಗಾಲದ ಕೆಸರು ಸಿಲಿಂಡರ್ ರೆಕ್ಕೆಗಳ ನಡುವೆ ಒಣಗಿ ಕೂತಿದ್ದರೆ ಅದನ್ನೂ ತೊಳೆಯಿರಿ. ಹಳೆಯ ಗಾಡಿಯಾದರೆ ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಗಟ್ಟಿ ಕಟ್ಟಿ ಕಂಪ್ರೆಷನ್ ಏರಿಸಿರುತ್ತದೆ, ಹೆಡ್ ಬಿಚ್ಚಿ ಕೆರೆದು ತೆಗೆಸಬೇಕು.

ಪ್ರಶ್ನೆ: 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಎರಡು ವಾರ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಕೆಲವು ಸೆಕೆಂಡ್ ಟಕ ಟಕ ಬಡಿದು ನಿಲ್ಲುತ್ತದೆ. ಟ್ಯಾಪೆಟ್ ಸೆಟ್ ಮಾಡಿಸಬೇಕೇ? ಸ್ಟಾರ್ಟರ್ ಒತ್ತಿದಾಗ ಒಮ್ಮೊಮ್ಮೆ ಕಟಾರ್ ಅಂತಲೂ ಅನ್ನುತ್ತದೆ. (ಪೀಣ್ಯ, ಬೆಂಗಳೂರು)

ಉತ್ತರ: ನಿಮ್ಮ ಎಂಜಿನ್‌ನಲ್ಲಿ ಟ್ಯಾಪೆಟ್ ಸೆಟ್ ಮಾಡುವ ಕೆಲಸವೇ ಇಲ್ಲ. ಒಳಗಿರುವುದು ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ತುಂಬಿಕೊಳ್ಳುತ್ತದೆ. ತುಂಬಾ ದಿನ ನಿಂತಾಗ ಅದರೊಳಗಿನ ಆಯಿಲ್ ಇಳಿದುಹೋಗುತ್ತದೆ, ಮತ್ತೆ ತುಂಬುವವರೆಗೆ ಸದ್ದು ಸಹಜ. ಆ ಹೊತ್ತಿನಲ್ಲಿ ರೇಸ್ ಮಾಡದೆ ಐಡ್ಲಿಂಗ್‌ನಲ್ಲೇ ಬಿಡಿ. ಬಿಸಿಯಾದ ಮೇಲೂ ಬಡಿಯುತ್ತಿದ್ದರೆ ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲಿಸಿ (ಗ್ರೇಡ್ 15ಡಬ್ಲ್ಯು50), ಆಗಲೂ ಹೋಗದಿದ್ದರೆ ಟ್ಯಾಪೆಟ್‌ಗಳನ್ನೇ ಬದಲಿಸಬೇಕು. ಹಳೆಯ ಕಾಸ್ಟ್ ಐರನ್ ಬುಲೆಟ್‌ನ ಕ್ರಮ ಬೇರೆ. ಅಲ್ಲಿ ತಣ್ಣನೆ ಎಂಜಿನ್‌ನಲ್ಲಿ ಪುಶ್ ರಾಡ್ ಬೆರಳಿಗೆ ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. 2020ರಲ್ಲಿ ಮೀಟಿಯರ್ ಜೊತೆ ಬಂದ ಹೊಸ 349 ಸಿಸಿ ಎಂಜಿನ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ಗ್ಯಾಪ್ ನೋಡಿಸುತ್ತಿರಬೇಕು.

ಸ್ಟಾರ್ಟರ್ ಸದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಯಾಟರಿ ಸೋತಾಗ ಮೋಟಾರು ಪಿಸ್ಟನ್ನನ್ನು ಮೇಲಕ್ಕೆ ದಾಟಿಸಲಾರದೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಸ್ಟಾರ್ಟರ್ ಮೋಟಾರನ್ನು ಎಂಜಿನ್‌ಗೆ ಜೋಡಿಸುವ ಸ್ಪ್ರ್ಯಾಗ್ ಕ್ಲಚ್‌ಗೆ ಬೀಳುತ್ತದೆ. ರಾತ್ರಿ ನಿಂತ ಗಾಡಿಯ ಬ್ಯಾಟರಿಯಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಸ್ಟಾರ್ಟರ್ ಮುಟ್ಟದೆ ಕಿಕ್ ಹೊಡೆಯಿರಿ, ಬ್ಯಾಟರಿ ಚಾರ್ಜ್ ಮಾಡಿಸಿ. ಸ್ಪ್ರ್ಯಾಗ್ ಕ್ಲಚ್ ಬದಲಿಸುವ ಖರ್ಚಿನ ಮುಂದೆ ಬ್ಯಾಟರಿ ಖರ್ಚು ಏನೂ ಅಲ್ಲ.

ಪ್ರಶ್ನೆ: ನ್ಯೂಟ್ರಲ್‌ನಲ್ಲಿ ಗರ ಗರ ಅನ್ನುತ್ತದೆ, ಕ್ಲಚ್ ಹಿಡಿದರೆ ಮಾಯ. (ದಾವಣಗೆರೆ)

ಉತ್ತರ: ಕ್ಲಚ್ ಹಿಡಿದಾಗ ಗೇರ್‌ಬಾಕ್ಸ್‌ನ ಮೇನ್ ಶಾಫ್ಟ್‌ಗೆ ಎಂಜಿನ್ ಎಳೆತ ತಪ್ಪುತ್ತದೆ. ಸದ್ದು ಆಗಲೇ ಹೋಗುತ್ತದೆ ಎಂದರೆ ಪಿಸ್ಟನ್, ಕ್ರ್ಯಾಂಕ್ ಮೇಲೆ ಅನುಮಾನ ಬೇಡ. ಮೇನ್ ಶಾಫ್ಟ್ ಬೇರಿಂಗ್ ಸವೆದಿರಬಹುದು, ಅಥವಾ ಕ್ಲಚ್ ಹೌಸಿಂಗ್‌ನಲ್ಲಿರುವ ಡ್ಯಾಂಪರ್ ರಬ್ಬರ್, ಸ್ಪ್ರಿಂಗ್‌ಗಳು ಸಡಿಲವಾಗಿರಬಹುದು. ಐಡ್ಲಿಂಗ್ ಅನ್ನು 1400ರ ಆಸುಪಾಸಿಗೆ ಏರಿಸಿ ನೋಡಿ. ಅಷ್ಟಕ್ಕೇ ಸದ್ದು ಕರಗಿದರೆ ಹೌಸಿಂಗ್ ಕಡೆ ನೋಡಿಸಿ. ಓಡುವಾಗಲೂ ಗುಂಯ್ ಅನ್ನುತ್ತಾ ವೇಗದ ಜೊತೆ ಏರಿದರೆ ಬೇರಿಂಗ್. ಇದಕ್ಕೆ ಉಲ್ಟಾ, ಕ್ಲಚ್ ಹಿಡಿದಾಗ ಮಾತ್ರ ಕಿರ್ರ್ ಅಂದರೆ ಕ್ಲಚ್ ಒತ್ತುವ ಸಣ್ಣ ಬೇರಿಂಗ್, ಅದು ಅಗ್ಗದ ಕೆಲಸ.

ಪ್ರಶ್ನೆ: ತಂದೆಯವರ ಯೆಜ್ಡಿ ಇದೆ. ಎಡಗಡೆ ಕವರ್ ಒಳಗಿನಿಂದ ಕಟ ಕಟ ಸದ್ದು. ಸಿಲಿಂಡರ್ ಕಡೆಯಿಂದಲೂ ಸ್ವಲ್ಪ ಟಣ್ ಟಣ್ ಬರುತ್ತದೆ. (ಮೈಸೂರು)

ಉತ್ತರ: ಯೆಜ್ಡಿ ತಯಾರಿಸುತ್ತಿದ್ದ ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಗಳನ್ನು ಇಷ್ಟು ಜತನದಿಂದ ಓಡಿಸುತ್ತಿರುವವರನ್ನು ನೋಡಿದರೆ ಸಂತೋಷವಾಗುತ್ತದೆ. ಎಡಗಡೆಯ ಸದ್ದು ಪ್ರೈಮರಿ ಚೈನ್‌ನದು. ಕ್ರ್ಯಾಂಕಿನಿಂದ ಕ್ಲಚ್‌ಗೆ ಹೋಗುವ ಆ ಚೈನ್‌ಗೆ ಟೆನ್ಷನರ್ ಇಲ್ಲ, ಹಿಗ್ಗಿದರೆ ಕವರ್‌ಗೆ ಬಡಿಯುತ್ತದೆ, ಬದಲಿಸುವುದೇ ದಾರಿ. ಕವರ್ ತೆಗೆದಾಗ ಒಳಗೆ ಉಜ್ಜಿದ ಹೊಳಪು ಗೆರೆ ಇದ್ದರೆ ಖಾತ್ರಿ. ಗೇರ್‌ಬಾಕ್ಸ್ ಆಯಿಲ್ ಮಟ್ಟವನ್ನೂ ನೋಡಿ.

ಸಿಲಿಂಡರ್‌ನ ಸದ್ದು ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಇಳಿದರೆ ಪಿಸ್ಟನ್ ಬೋರಿನಲ್ಲಿ ಸಡಿಲವಾಗಿದೆ. ಬಿಸಿಯಾದ ಮೇಲೂ ಚುರುಕಾಗಿ ಟಣ್ ಅನ್ನುತ್ತಿದ್ದರೆ ಗಜನ್ ಪಿನ್ ಮತ್ತು ಸ್ಮಾಲ್ ಎಂಡ್, ಅಂದರೆ ಪಿಸ್ಟನ್ ಕಾನ್ ರಾಡ್‌ಗೆ ಸೇರುವ ಜಾಗ ನೋಡಬೇಕು. ಟೂ ಸ್ಟ್ರೋಕ್‌ನಲ್ಲಿ ಇವಕ್ಕೆಲ್ಲ ಆಯಿಲ್ ಸಿಗುವುದು ಪೆಟ್ರೋಲ್ ಜೊತೆ ಬೆರೆಸಿದ್ದರಿಂದ ಮಾತ್ರ. ಲೀಟರಿಗೆ 40 ಎಂಎಲ್ 2ಟಿ ಆಯಿಲ್ ಅಳೆದು ಹಾಕಿ, ಕಣ್ಣಂದಾಜು ಬೇಡ. ಹೊಗೆ ಕಡಿಮೆ ಬರಲಿ ಅಂತ ಆಯಿಲ್ ಕಡಿತ ಮಾಡುವುದರಿಂದಲೇ ಎಷ್ಟೋ ಪಿಸ್ಟನ್‌ಗಳು ಜಾಮ್ ಆಗಿವೆ.

ಪ್ರಶ್ನೆ: ಎಂಜಿನ್ ಕೆಳಗಿನಿಂದ ಡಬ್ ಡಬ್ ಅಂತ ಭಾರದ ಸದ್ದು. ಆಕ್ಸಿಲರೇಟರ್ ಕೊಟ್ಟಾಗ ಜೋರಾಗುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ. 40 ಕಿ.ಮೀ. ದೂರದ ಬಳ್ಳಾರಿಗೆ ಓಡಿಸಿಕೊಂಡು ಹೋಗಿ ತೋರಿಸಬಹುದೇ? (ಸಿರುಗುಪ್ಪ ಕಡೆಯ ಓದುಗರು)

ಉತ್ತರ: ಬೇಡ. ಟೆಂಪೋದಲ್ಲಿ ಹಾಕಿಸಿಕೊಂಡು ಹೋಗಿ. ಇದು ಬಿಗ್ ಎಂಡ್ ಬೇರಿಂಗ್, ಅಂದರೆ ಕಾನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಜಾಗ ಸವೆದ ಲಕ್ಷಣ. ಅದು ಮುರಿಯುವ ತನಕ ಗಾಡಿ ಚೆನ್ನಾಗಿಯೇ ಓಡುತ್ತದೆ. ರಾಡ್ ಮುರಿದರೆ ಕ್ರ್ಯಾಂಕ್ ಕೇಸನ್ನೇ ಒಡೆದುಕೊಂಡು ಹೊರಬರಬಹುದು, ಹಿಂದಿನ ಚಕ್ರ ಲಾಕ್ ಆದರೆ ನೀವೇ ರಸ್ತೆಗೆ ಬೀಳುತ್ತೀರಿ.

ಮನೆಯಲ್ಲೇ ಖಚಿತ ಮಾಡಿಕೊಳ್ಳಲು ಆಯಿಲನ್ನು ಬಿಳಿ ಪ್ಲಾಸ್ಟಿಕ್ ಟಬ್‌ಗೆ ಇಳಿಸಿ ಬಿಸಿಲಿನಲ್ಲಿ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಮಾಮೂಲಿ ಸವೆತ. ಮಿಂಚುವ ಚೂರುಗಳಿದ್ದರೆ ಬಟ್ಟೆಯಲ್ಲಿ ಸೋಸಿ ಆಯಸ್ಕಾಂತ ಹಿಡಿಯಿರಿ. ಅಂಟಿದ ಚೂರುಗಳು ಬೇರಿಂಗ್, ಗೇರ್‌ನ ಉಕ್ಕು, ಅಂಟದ ಬಿಳಿ ಚೂರುಗಳು ಪಿಸ್ಟನ್ ಅಥವಾ ಕೇಸಿನ ಅಲ್ಯೂಮಿನಿಯಂ. ಇನ್ನೊಂದು ಪರೀಕ್ಷೆಯೂ ಇದೆ. ಪ್ಲಗ್ ತೆಗೆದು ಆ ತೂತಿನಲ್ಲಿ ಉದ್ದನೆಯ ಮೆದು ಕಡ್ಡಿ ಇಳಿಸಿ ಪಿಸ್ಟನ್ ಮೇಲೆ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಪಿಸ್ಟನ್ ಅರ್ಧ ದಾರಿಯಲ್ಲಿರುವಾಗ ಮ್ಯಾಗ್ನೆಟ್ ನಟ್‌ನಿಂದ ಕ್ರ್ಯಾಂಕನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಕ್ರ್ಯಾಂಕ್ ತಿರುಗಿದರೂ ಪಿಸ್ಟನ್ ಸ್ವಲ್ಪ ಹೊತ್ತು ಕದಲದೆ ಆಮೇಲೆ ಟಕ್ ಅಂತ ಚಲಿಸಿದರೆ ರಾಡ್‌ನಲ್ಲಿ ಆಟ ಇದೆ. ಎಂಜಿನ್ ಓಡುವಾಗ ಪ್ಲಗ್ ಕ್ಯಾಪ್ ಕಿತ್ತು ನೋಡುವ ಹಳೆಯ ಪದ್ಧತಿ ಮಾತ್ರ ಬೇಡ, ಶಾಕ್ ಹೊಡೆಯುತ್ತದೆ, ಪ್ಲಗ್‌ನ ಕಿಡಿ ನಿಯಂತ್ರಿಸುವ ಸಿಡಿಐ ಕೂಡ ಸುಡಬಹುದು.

ರಿಪೇರಿಗೆ ಕೊಟ್ಟಾಗ ಕಾನ್ ರಾಡ್ ಕಿಟ್‌ನಲ್ಲಿ ರಾಡ್, ಕ್ರ್ಯಾಂಕ್ ಪಿನ್, ನೀಡಲ್ ಬೇರಿಂಗ್ ಮೂರೂ ಹೊಸದಾಗಿರಲಿ. ಪ್ರೆಸ್ ಮಾಡಿ ಕೂರಿಸಿದ ಕ್ರ್ಯಾಂಕನ್ನು ಸೆಂಟರ್ ಮೇಲೆ ಇಟ್ಟು ಡಯಲ್ ಗೇಜ್‌ನಲ್ಲಿ ಓಟ (ತಿರುಗುವಾಗ ಎಷ್ಟು ಓಲಾಡುತ್ತದೆ ಎಂದು) ನೋಡಿಸಲೇಬೇಕು. ಸುತ್ತಿಗೆಯಲ್ಲಿ ಅಂದಾಜಿಗೆ ಸರಿ ಮಾಡಿಕೊಟ್ಟರೆ ಮೇನ್ ಬೇರಿಂಗ್ ಬೇಗ ಹೋಗುತ್ತದೆ. ಬಿಗ್ ಎಂಡ್ ಹೋಗುವುದು ಹೆಚ್ಚಾಗಿ ಆಯಿಲ್ ಸಿಗದೆ. ಆದ್ದರಿಂದ ಆಯಿಲ್ ಪಂಪ್, ಜಾಲರಿ, ಕ್ರ್ಯಾಂಕ್ ತುದಿಯ ಸೆಂಟ್ರಿಫ್ಯೂಗಲ್ ಫಿಲ್ಟರ್ ಇದ್ದರೆ ಅದು, ಮತ್ತು ಆಯಿಲ್ ಹೋಗುವ ತೂತುಗಳನ್ನು ಗಾಳಿ ಹಿಡಿದು ಸ್ವಚ್ಛ ಮಾಡಿಸದೆ ಹೊಸ ರಾಡ್ ಹಾಕಿಸಬೇಡಿ. ಜೋಡಿಸಿ 500 ಕಿ.ಮೀ. ಓಡಿದ ಮೇಲೆ ಆಯಿಲ್ ಇಳಿಸಿ ಮತ್ತೊಮ್ಮೆ ಬಟ್ಟೆಯಲ್ಲಿ ಸೋಸಿ ನೋಡಿ.